ಕೀಲೆಣ್ಣೆ

ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕಂಡವರೆಲ್ಲ ‘ಹಳೇ ಸಸ್ಪೆನ್ಷನ್ ಕಿತ್ತು ಮಾರುತಿದು ಕೂಡ್ರಿಸ್ರಿ’ ಎಂದು ಬುದ್ಧಿ ಹೇಳುತ್ತಾರೆ. ಹೆರಾಲ್ಡಿನ ಕಾಲೇ ಸೊಟ್ಟ ಎಂಬುದು ಇವರ ವಾದ. ಅಲ್ಲ ಸ್ವಾಮಿ, 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಓಡಿದ್ದೇ ಈ ಕಾಲುಗಳ ಮೇಲೆ! ದೋಷ ನಮ್ಮ ಆರೈಕೆಯದು.

ಮುಂದಿನ ಗಾಲಿಯ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ತುಂಡಿದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಕಂಬವೊಂದು ಅದರ ತಿರುಪಿನೊಳಗೆ ಆಡಬೇಕು. ಅದಕ್ಕೆ 90 ನಂಬರಿನ ಗೇರ್ ಎಣ್ಣೆಯೇ ಬೇಕು. ಸಿಂಧನೂರಿನ ಗ್ಯಾರೇಜೊಂದರಲ್ಲಿ ಇದನ್ನು ಹೇಳಿಯೂ ಇದ್ದೆ. ‘ಗ್ರೀಸ್ ಹೊಡದೀನ್ರಿ ಸರ, ಚಿಂತಿ ಬಿಡ್ರಿ’ ಎಂದರು. ಗ್ರೀಸು ಒಳಗೇ ಒಣಗಿ ಕಲ್ಲಾಯಿತು. ಎರಡು ಮಳೆಗಾಲದ ನೀರು ಇಳಿದು ಉಕ್ಕು ತುಕ್ಕಾಯಿತು. ಮಸ್ಕಿ ದಾಟಿ ಲಿಂಗಸುಗೂರಿನ ಹಾದಿಯಲ್ಲಿ ಕಂಬ ಲಟಕ್ಕನೆ ಮುರಿದು ಎಡಗಾಲಿ ಒಳಕ್ಕೆ ಮಡಚಿಕೊಂಡಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳಿದ್ದಳು. ತಿರುವೆಂದು ವೇಗ ಇಳಿಸಿದ್ದರಿಂದ ಉಳಿದೆವು.

ನಮ್ಮ ಎರೆಹೊಲದ ರೈತ ಬಂಡಿಯ ಅಚ್ಚಿಗೆ ಕೀಲೆಣ್ಣೆ ಇಡದೆ ಎತ್ತು ಹೂಡುತ್ತಿರಲಿಲ್ಲ. ಅವನ ಮೊಮ್ಮಕ್ಕಳೇ ಈಗ ಗ್ಯಾರೇಜ್ ಹಾಕಿರುವುದು!

ಎರಡೂ ಕಡೆಯ ಕಂಬ, ಟ್ರನಿಯನ್, ರಬ್ಬರ್ ಬುಶ್ ಎಲ್ಲ ಬದಲಿಸಿದೆ. ಎಲ್ಲ ಹೆರಾಲ್ಡಿನವೇ, ಮಾರುತಿಯ ಒಂದು ಬೋಲ್ಟೂ ಇಲ್ಲ. ಎಣ್ಣೆ ಒತ್ತುವುದು ಈಗ ನಾನೇ. ಗ್ರೀಸ್ ಗನ್ ಹಿಡಿದು ಬಂದವರಿಗೆ ಬಾನೆಟ್ಟನ್ನೇ ತೆರೆಯುವುದಿಲ್ಲ.