ಪೈಥಾನ್ ಬಂತು, ಸಿ ಪ್ಲಸ್ ಪ್ಲಸ್ ಎಲ್ಲಿಗೂ ಹೋಗಿಲ್ಲ

ನಮ್ಮ ಸೀನಿಯರ್‌ಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಓದಿದರು. ನಮಗೆ ಪೈಥಾನ್ ಬಂದಿದೆ. ‘ನೀವು ಲಕ್ಕಿ, ಆ ಕಷ್ಟ ನಿಮಗಿಲ್ಲ’ ಎನ್ನುತ್ತಾರೆ ಅವರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ದಸರಾ ರಜೆಯಲ್ಲಿ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ‘ರೂಟ್’ ಎಂಬ ಸಾಫ್ಟ್‌ವೇರ್ ಬಳಸಿ ನೋಡಿದ ಮೇಲೆ ಹಾಗೆ ಹೇಳಲಾರೆ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕಣಗಳ ಡಿಕ್ಕಿಯಿಂದ ಬರುವ ರಾಶಿ ರಾಶಿ ಮಾಹಿತಿಯನ್ನು ಕೂಡಿಟ್ಟು ವಿಶ್ಲೇಷಿಸುವ ಸಾಫ್ಟ್‌ವೇರ್ ಇದು. ರೆನೆ ಬ್ರನ್ ಮತ್ತು ಫೋನ್ಸ್ ರಾಡೆಮಾಕರ್ಸ್ 1995ರ ಸುಮಾರಿಗೆ ಆರಂಭಿಸಿದರು. ಬರೆದಿರುವುದು ಸಿ ಪ್ಲಸ್ ಪ್ಲಸ್‌ನಲ್ಲಿ. ಆದರೂ ನಾನು ಪೈಥಾನ್‌ನಲ್ಲೇ ಬಳಸಿದೆ, ಏಕೆಂದರೆ ನಡುವೆ ಪೈರೂಟ್ ಇದೆ. ರೂಟ್‌ನೊಳಗಿನ ‘ಕ್ಲಿಂಗ್’ ಎಂಬ ಇಂಟರ್‌ಪ್ರಿಟರ್ ಸಿ ಪ್ಲಸ್ ಪ್ಲಸ್ ಕ್ಲಾಸ್‌ಗಳನ್ನು ಅರ್ಥಮಾಡಿಕೊಳ್ಳುತ್ತದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಅವು ಪೈಥಾನ್‌ಗೆ ಸಿಗುತ್ತವೆ.

ಸಿಎಂಎಸ್ ಪ್ರಯೋಗದವರು 2012ರ ಮಾಹಿತಿಯಲ್ಲಿ ಒಂದು ಭಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ನಾನು ತೆಗೆದುಕೊಂಡ ಮ್ಯೂಯಾನ್ ಫೈಲ್‌ನಲ್ಲಿ 6 ಕೋಟಿಗೂ ಹೆಚ್ಚು ಡಿಕ್ಕಿಗಳ ದಾಖಲೆ ಇದೆ. ಲ್ಯಾಬ್‌ನಲ್ಲಿ ಕಲಿತಂತೆ ಒಂದು ಫಾರ್ ಲೂಪ್ ಬರೆದೆ. ಅಸರ್ ನಮಾಜಿಗೆ ಹೋಗಿ ಬಂದರೂ ಮುಗಿದಿರಲಿಲ್ಲ.

ನಾನಿಯ ಜೊತೆ ಬ್ಯಾಂಕಿಗೆ ಹೋದಾಗ ಹೀಗೇ ಆಗುತ್ತದೆ. ಅವರಿಗೆ ಉರ್ದು ಮಾತ್ರ, ಕೌಂಟರ್‌ನವರಿಗೆ ಕನ್ನಡ. ಒಂದೊಂದು ಮಾತನ್ನೂ ಆಚೆಗೂ ಈಚೆಗೂ ದಾಟಿಸುತ್ತಾ ನಿಂತರೆ ಹಿಂದಿನ ಸಾಲು ಗೊಣಗುತ್ತದೆ. ಮನೆಯಲ್ಲೇ ಎಲ್ಲ ಕೇಳಿಕೊಂಡು ಚೀಟಿ ತುಂಬಿ ಕೊಟ್ಟರೆ ಒಂದೇ ಸಲಕ್ಕೆ ಕೆಲಸ ಆಯಿತು. ರೂಟ್‌ನ ‘ಆರ್‌ಡೇಟಾಫ್ರೇಮ್’ ಮಾಡುವುದೂ ಅದನ್ನೇ. ಏನು ಬೇಕೆಂದು ಪೈಥಾನ್‌ನಲ್ಲಿ ಹೇಳಿದರೆ ಸಾಕು, ಲೂಪ್ ಪೂರ್ತಿ ಸಿ ಪ್ಲಸ್ ಪ್ಲಸ್ ಕಡೆಯೇ ಓಡುತ್ತದೆ. ಚಹಾ ಕುಡಿಯುವಷ್ಟರಲ್ಲಿ ಗ್ರಾಫ್ ಬಂತು. 91ರ ಹತ್ತಿರ ಎದ್ದು ನಿಂತ ಶಿಖರ ಜೆಡ್ ಬೋಸಾನ್‌ನದು ಎಂದು ಓದಿ ತಿಳಿದೆ. (ನನ್ನ ಭೌತಶಾಸ್ತ್ರ ಹತ್ತನೇ ತರಗತಿಗೇ ಮುಗಿಯಿತು.)

ಇನ್ನೊಂದು ಪೆಟ್ಟು ಬಿತ್ತು. ಗ್ರಾಫನ್ನು ಫೈಲಿಗೆ ಉಳಿಸಿ, ಮರುದಿನ ತೆರೆದು ಓದಿಕೊಂಡು, ಫೈಲ್ ಮುಚ್ಚಿದ ಕೂಡಲೇ ಗ್ರಾಫ್ ಮಾಯ! ಪೈಥಾನ್‌ನಲ್ಲಿ ನಾನು ಹೆಸರಿಟ್ಟುಕೊಂಡರೂ ಅದರ ಒಡೆತನ ಫೈಲ್‌ನದೇ ಆಗಿತ್ತು. ಯಾವ ಖಾತೆಗೆ ಡೆಬಿಟ್ ಎಂದು ತಿಳಿಯದೆ ಟ್ಯಾಲಿಯಲ್ಲಿ ಎಂಟ್ರಿ ಒತ್ತಿದ ಹಾಗಾಯಿತು ನನ್ನ ಕಥೆ.

‘ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ?’ ಎಂದು ಸೈನ್ಸ್ ಗೆಳೆಯನೊಬ್ಬ ಕೇಳಿದ. ಕೋಟಿಗಟ್ಟಲೆ ವಹಿವಾಟಿನ ಫೈಲ್ ನಾಳೆ ಯಾರ ಮೇಜಿಗೆ ಬರುತ್ತದೆ? ಲ್ಯಾಬ್‌ನಲ್ಲಿ ಹತ್ತು ಹುಡುಗರ ಅಂಕ ಕೂಡಿಸುವ ಪ್ರೋಗ್ರಾಂ ಯಾವ ಭಾಷೆಯಲ್ಲಿ ಬರೆದರೂ ಒಂದೇ. ವರ್ಷಕ್ಕೆ ಒಂದು ಪೀರಿಯಡ್ ಆದರೂ ನಿಜವಾದ ದೊಡ್ಡ ಫೈಲ್ ಕೊಡಿ ಎಂದು ನಮ್ಮ ಕಂಪ್ಯೂಟರ್ ಉಪನ್ಯಾಸಕರಲ್ಲಿ ವಿನಂತಿ. ನಮ್ಮ ಲೂಪ್ ಅಲ್ಲಿ ಸೋಲಲಿ, ಯಾಕೆ ಸೋತಿತೆಂದು ಆಮೇಲೆ ಹೇಳಿಕೊಡಿ.

ಸೀನಿಯರ್‌ಗಳೇ, ಸಿ ಪ್ಲಸ್ ಪ್ಲಸ್ ನೋಟ್ಸ್ ಇನ್ನೂ ರದ್ದಿಗೆ ಹಾಕಿಲ್ಲವಾದರೆ ಲೈಬ್ರರಿಗೆ ಕೊಡಿ. ಒಂದು ಸೆಟ್ ನನಗೆ ಈಗಲೇ ಬೇಕಾಗಿದೆ.