ಮೊಮ್ಮಗನ ನೀಲಿ ಸರ್ಪ

ದಸರಾ ಸೂಟಿಗೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಂದ ಮೊಮ್ಮಗ ಚೀಲ ಇಳಿಸುವ ಮೊದಲೇ ಕಿಸೆಯಿಂದ ಒಂದು ಕಾರ್ಡು ತೆಗೆದ.

"ಅಜ್ಜಾ, ಗ್ಯಾರಡೋಸ್! ನಮ್ಮ ಸಾಲ್ಯಾಗ ಯಾರ ಹತ್ರಾನೂ ಇಲ್ಲ."

ಬಾಯಿ ತೆರೆದ ನೀಲಿ ಸರ್ಪ, ಬಿಸಿಲಿಗೆ ಹಿಡಿದರೆ ಮಿರಮಿರ ಹೊಳೆಯುತ್ತಿತ್ತು. ಇದಕ್ಕಾಗಿ ಗೆಳೆಯನಿಗೆ ತನ್ನ ಬ್ಯಾಟು ಕೊಟ್ಟು ಬಂದಿದ್ದ. ಆ ಬ್ಯಾಟು ನಾನು ಕೊಡಿಸಿದ್ದು, ಇರಲಿ.

ನನ್ನಂಥ ಅಜ್ಜ-ಅಜ್ಜಿಯರಿಗೆ ಎರಡು ಮಾತು. ಪೊಕೆಮಾನ್ ಜಪಾನಿನ ಆಟ. ಬಾಲ್ಯದಲ್ಲಿ ಹುಳ ಹಿಡಿದು ಕೂಡಿಡುವ ಹುಚ್ಚಿದ್ದ ಸತೋಶಿ ತಜಿರಿ ಎಂಬುವರು ಅದನ್ನು 1996ರಲ್ಲಿ ವಿಡಿಯೊ ಗೇಮ್ ಆಗಿ ತಂದರು. ಅದೇ ವರ್ಷ ಕಾರ್ಡುಗಳೂ ಬಂದವು. ಬೆಂಕಿಯ ಪ್ರಾಣಿ, ಹುಲ್ಲಿನ ಪ್ರಾಣಿ, ನೀರಿನ ಪ್ರಾಣಿ ಎಂದು ಬಗೆಗಳಿವೆ. ಇಂಗ್ಲಿಷಿನ ಮೊದಲ ಕಟ್ಟಿನ 102 ಕಾರ್ಡುಗಳಲ್ಲಿ ಗ್ಯಾರಡೋಸ್ 6ನೆಯದು, ಶಕ್ತಿ 100. ಆದರೆ ಅದನ್ನು ನೇರವಾಗಿ ಆಟಕ್ಕಿಳಿಸುವಂತಿಲ್ಲ. ಮೊದಲು ಮ್ಯಾಜಿಕಾರ್ಪ್ ಎಂಬ ಬಡಪಾಯಿ ಕೆಂಪು ಮೀನನ್ನು ಇಳಿಸಬೇಕು, ಅದರ ಶಕ್ತಿ ಬರೀ 30. ಅದು ಬದುಕಿ ಉಳಿದರೆ ಸರ್ಪವಾಗುತ್ತದೆ. ಜಲಪಾತ ಹತ್ತಿದ ಗೆಂಡೆ ಮೀನು ಡ್ರ್ಯಾಗನ್ ಆಯಿತೆಂಬ ಚೀನಾದ ಹಳೆಯ ಕಥೆ ನೆನಪಾಗುತ್ತದೆ. ಕಾರ್ಡಿನ ಮೂಲೆಯಲ್ಲಿ ದುಂಡು ಗುರುತಿದ್ದರೆ ಸಾಮಾನ್ಯ, ವಜ್ರಾಕಾರವಿದ್ದರೆ ಸ್ವಲ್ಪ ಕಡಿಮೆ ಸಿಗುವಂಥದ್ದು, ನಕ್ಷತ್ರವಿದ್ದರೆ ಅಪರೂಪದ್ದು. ಇವನದರಲ್ಲಿ ನಕ್ಷತ್ರವಿತ್ತು.

"ಅಕ್ಷರ ಯಾಕೋ ದಪ್ಪ ಅದಾವಲ್ಲೋ," ಎಂದೆ.

ಬೆಂಗಳೂರಿನ ಚಿಕ್ಕಪ್ಪ ಕೊಟ್ಟಿದ್ದ ಅಸಲಿ ಕಾರ್ಡು ತಂದು ಪಕ್ಕದಲ್ಲಿಟ್ಟ. ಹಿಂಬದಿಯ ನೀಲಿ ಬೇರೆ ಬೇರೆ. ಟಾರ್ಚ್ ಹಿಡಿದು ನೋಡಿದೆವು. ಅಸಲಿ ಕಾರ್ಡಿನ ಒಳಗೆ ತೆಳುವಾದ ಕಪ್ಪು ಪದರ ಇರುವುದರಿಂದ ಬೆಳಕು ಅಷ್ಟಾಗಿ ಹಾಯುವುದಿಲ್ಲ. ಸರ್ಪದ ಬೆನ್ನಿನಿಂದ ಬೆಳಕು ಸಲೀಸಾಗಿ ಹಾಯ್ದು ಬಂತು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾವೇರಿ ಮಾಮಾನ ಮಗಗ ಕೊಟ್ಟು ಹತ್ತು ಕಾರ್ಡು ತೊಗೊಂತೀನಿ. ಅಂವಾ ಸಣ್ಣಾಂವ, ಗೊತ್ತಾಗಂಗಿಲ್ಲ," ಎಂದ.

ನಾನು ಬೈಯಲಿಲ್ಲ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾಗ ಕಂಡದ್ದನ್ನು ಹೇಳಿದೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಒಬ್ಬಾತ ಚೀಲದ ಮೇಲೆ ಸುಕ್ಕುಸುಕ್ಕಾದ ಒಳ್ಳೆಯ ಕಾಯಿ, ಕೆಳಗೆ ನುಣುಪಾದ ಬೇರೆ ಕಾಯಿ ತುಂಬಿ ತಂದಿದ್ದ. ಖರೀದಿದಾರ ತಳಕ್ಕೆ ಕೈ ಹಾಕಿದ, ನೋಡಿದ, ಮಾತಾಡದೆ ಮುಂದೆ ಹೋದ. ಮುಂದಿನ ವರ್ಷ ಆತ ಒಳ್ಳೆಯ ಮಾಲನ್ನೇ ತಂದರೂ ಪ್ರತಿ ಚೀಲವನ್ನೂ ಸುರಿಸಿ ನೋಡಿದರು.

"ಅವಗೂ ಯಾರರೆ ಮೋಸ ಮಾಡಿ ಕಾಯಿ ಕೊಟ್ಟಿದ್ರೇನು, ಅಜ್ಜಾ?"

ಇಷ್ಟು ವರ್ಷದಲ್ಲಿ ಇದನ್ನು ನಾನು ಕೇಳಿಕೊಂಡಿರಲಿಲ್ಲ. ಯಾರೂ ಕೇಳಿರಲಿಲ್ಲ.

ಸಂಜೆ ಅವನೇ ರಾಣೆಬೆನ್ನೂರಿನ ಗೆಳೆಯನಿಗೆ ಫೋನ್ ಮಾಡಿದ. ಆ ಹುಡುಗ ಜಾತ್ರೆಯ ಅಂಗಡಿಯೊಂದರಲ್ಲಿ ಪೊಟ್ಟಣ ಕೊಂಡಿದ್ದನಂತೆ, ಅಸಲಿ ಎಂದೇ ನಂಬಿದ್ದನಂತೆ. ಬ್ಯಾಟು ವಾಪಸು ಕೊಡುತ್ತಾನೆ, ಆದರೆ ಹಿಡಿಕೆಯ ರಬ್ಬರ್ ಕಿತ್ತಿದೆ.

"ನಡೀತದ ಬಿಡು," ಎಂದ ಮೊಮ್ಮಗ.

ಸರ್ಪವನ್ನು ತನಗೆ ವಾಪಸು ಕೊಡುವುದು ಬೇಡ ಎಂದನಂತೆ ಆ ಹುಡುಗ. ಅದೀಗ ಕಂಪಾಸ್ ಪೆಟ್ಟಿಗೆಯಲ್ಲಿದೆ. ನಿನ್ನೆ ನನಗೆ ಆಟ ಕಲಿಸಲು ಕೂತಾಗ ಅದನ್ನೇ ಇಳಿಸಿ ನನ್ನನ್ನು ಎರಡು ಸಲ ಸೋಲಿಸಿದ.