ಪರದೆಯ ಅಂಚಿನ ಬೆಳಕು: ಮಾರುವ ಮುನ್ನ ತೋರಿಸುವುದೇ ಲೇಸು

ಕಡಲೆ, ಹೆಸರು, ಮೆಕ್ಕೆಜೋಳದ ವ್ಯಾಪಾರದಲ್ಲಿ ಪಳಗಿದ ಯಲಬುರ್ಗಾ ಸೀಮೆಯ ವರ್ತಕರು ಮಾದರಿ ನೋಡದೆ ಬೆಲೆ ಕಟ್ಟುವವರಲ್ಲ. ಚೀಲದೊಳಗಿನಿಂದ ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ಹಸಿ ಎಷ್ಟು, ಕಸ ಎಷ್ಟು ಎಂದು ನೋಡಿದ ಮೇಲೆಯೇ ಮಾತು ಮುಂದುವರಿಯುತ್ತದೆ. ಅದೇ ಕುಟುಂಬವು ಮಗನ ಅಥವಾ ಮಗಳ ಓದಿಗೆಂದು ನಲವತ್ತು-ಐವತ್ತು ಸಾವಿರ ರೂಪಾಯಿ ತೆತ್ತು ಲ್ಯಾಪ್‌ಟಾಪ್ ಕೊಳ್ಳುವಾಗ ಈ ಶಿಸ್ತು ಹಿಂದೆ ಬೀಳುತ್ತದೆ. ಯಂತ್ರ ಚಾಲೂ ಆಯಿತು, ಬಿಲ್ಲು ಕೈಸೇರಿತು ಎಂದರೆ ವ್ಯವಹಾರ ಮುಗಿದಂತೆ. ರಾತ್ರಿ ದೀಪ ಆರಿಸಿ ಚಲನಚಿತ್ರ ನೋಡಲು ಕುಳಿತಾಗ ಕಪ್ಪಾಗಿರಬೇಕಾದ ಪರದೆಯ ಮೂಲೆಗಳಲ್ಲಿ ಮಾಸಲು ಬೆಳಕಿನ ಮಚ್ಚೆಗಳು ಕಾಣುತ್ತವೆ. ಮರುದಿನ ಅಂಗಡಿಯಲ್ಲಿ ತಕರಾರು ಆರಂಭವಾಗುತ್ತದೆ. ಗಣಕ ವ್ಯಾಪಾರದಲ್ಲಿ ಇದನ್ನು ‘ಬ್ಯಾಕ್‌ಲೈಟ್ ಬ್ಲೀಡ್’, ಅಂದರೆ ಹಿಂಬದಿ ಬೆಳಕಿನ ಸೋರಿಕೆ ಎನ್ನುತ್ತಾರೆ.

ಈ ತಕರಾರನ್ನು ನ್ಯಾಯವಾಗಿ ಬಗೆಹರಿಸಲು ಅದರ ಕಾರಣ ತಿಳಿದಿರಬೇಕು. ಎಲ್‌ಸಿಡಿ ಪರದೆಯ ದ್ರವ ಸ್ಫಟಿಕಗಳಿಗೆ ಸ್ವಂತ ಬೆಳಕಿಲ್ಲ. ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ ಜೋಡಿಸಿದ ಎಲ್‌ಇಡಿ ದೀಪಗಳ ಬೆಳಕು ತೆಳುವಾದ ಫಲಕವೊಂದರ ಮೂಲಕ ಹರಡಿ ಹಿಂದಿನಿಂದ ಬರುತ್ತದೆ. ಸ್ಫಟಿಕಗಳು ಅದನ್ನು ಬೇಕಾದೆಡೆ ಬಿಟ್ಟು, ಬೇಡವಾದೆಡೆ ತಡೆಯುತ್ತವೆ. ಈ ತಡೆ ಪೂರ್ಣವಲ್ಲ. ಐಪಿಎಸ್ ಬಗೆಯ ಸಾಧಾರಣ ಪರದೆಯಲ್ಲಿ ಅತಿ ಬಿಳಿ ಭಾಗವು ಅತಿ ಕಪ್ಪು ಭಾಗಕ್ಕಿಂತ ಸುಮಾರು ಸಾವಿರ ಪಟ್ಟು ಮಾತ್ರ ಪ್ರಕಾಶಮಾನವಾಗಿರುತ್ತದೆ. ಹೀಗಾಗಿ ಅಲ್ಲಿ ಅಪ್ಪಟ ಕಪ್ಪು ಇರುವುದಿಲ್ಲ. ಚೌಕಟ್ಟು ಪರದೆಯನ್ನು ಒಂದೆಡೆ ಹೆಚ್ಚು ಬಿಗಿದರೆ ಅಥವಾ ಪದರಗಳು ಸಮನಾಗಿ ಕೂಡದಿದ್ದರೆ ಆ ಭಾಗದಲ್ಲಿ ಬೆಳಕು ಇನ್ನಷ್ಟು ನುಸುಳುತ್ತದೆ.

ಗ್ರಾಹಕರು ತೋರಿಸುವ ಪ್ರತಿ ಹೊಳಪೂ ಸೋರಿಕೆಯಲ್ಲ ಎಂಬುದನ್ನೂ ಹೇಳಬೇಕು. ಐಪಿಎಸ್ ಪರದೆಯನ್ನು ಓರೆಯಾಗಿ ನೋಡಿದರೆ ಮೂಲೆಗಳಲ್ಲಿ ಸಹಜವಾಗಿಯೇ ಒಂದು ಮಬ್ಬು ಹೊಳಪು ಕಾಣುತ್ತದೆ. ತಲೆಯನ್ನು ಆಚೀಚೆ ಸರಿಸಿದಾಗ ಹೊಳಪು ಜಾಗ ಬದಲಿಸಿದರೆ ಅಥವಾ ಮಸುಕಾದರೆ ಅದು ಪರದೆಯ ಗುಣ. ಯಾವ ಕೋನದಿಂದ ನೋಡಿದರೂ ಒಂದೇ ಕಡೆ ನಿಂತಿದ್ದರೆ ಅದು ಸೋರಿಕೆ. ಕತ್ತಲಲ್ಲಿ ಮೊಬೈಲಿನಿಂದ ತೆಗೆದ ಚಿತ್ರವನ್ನು ಮಾತ್ರ ನಂಬಿ ತೀರ್ಮಾನಿಸುವುದು ಸಲ್ಲದು. ಕ್ಯಾಮೆರಾ ಮಂದ ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ.

ಜಗಳದ ನಿಜವಾದ ಮೂಲ ಅಳತೆಗೋಲಿನ ಕೊರತೆ. ಪರದೆಯಲ್ಲಿ ಬೆಳಗದ ಚುಕ್ಕೆಗಳು ಎಷ್ಟಿದ್ದರೆ ದೋಷ ಎಂಬುದಕ್ಕೆ 2001ರ ಐಎಸ್‌ಒ 13406-2 ಮಾನಕವು ದರ್ಜೆವಾರು ಸಂಖ್ಯೆ ನಿಗದಿಪಡಿಸಿತ್ತು; ಮುಂದೆ ಐಎಸ್‌ಒ 9241 ಸರಣಿ ಅದರ ಸ್ಥಾನಕ್ಕೆ ಬಂದಿತು. ಚುಕ್ಕೆಯನ್ನು ಎಣಿಸಬಹುದು. ಸೋರಿಕೆಯನ್ನು ಬರಿಗಣ್ಣಿನಿಂದ ಎಣಿಸಲಾಗದು. ಗ್ರಾಹಕನಿಗೆ ಅದು ದೋಷ; ಸೇವಾ ಕೇಂದ್ರದವರು ಪರೀಕ್ಷಿಸಿ ‘ಮಿತಿಯೊಳಗಿದೆ’ ಎಂದುಬಿಟ್ಟರೆ ನಡುವೆ ಸಿಕ್ಕಿಕೊಳ್ಳುವವನು ಸ್ಥಳೀಯ ಮಾರಾಟಗಾರ.

ಇಲ್ಲಿ ಕಾನೂನಿನ ಸ್ಥಿತಿಯನ್ನು ವರ್ತಕರು ಅರಿತಿರುವುದು ಅಗತ್ಯ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅವಧಿಯನ್ನು ನಮೂದಿಸದಿದ್ದರೆ ಮೂವತ್ತು ದಿನಗಳೆಂದು ಕಾಯಿದೆಯೇ ಹೇಳುತ್ತದೆ. ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಅಚ್ಚಿನ ಸಾಲು ದೋಷವಿರುವ ಮಾಲಿನ ವಿಷಯದಲ್ಲಿ ಅಂಗಡಿಯವರನ್ನು ಕಾಪಾಡದು. ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಯಲಬುರ್ಗಾದವರಿಗೆ ಕೊಪ್ಪಳದ ಜಿಲ್ಲಾ ಆಯೋಗವಿದೆ, ಅವಧಿ ಎರಡು ವರ್ಷ. ಆದರೆ ಅಲ್ಪ ಸೋರಿಕೆಯನ್ನು ಆಯೋಗ ದೋಷವೆಂದು ಎಣಿಸುತ್ತದೆಂಬ ಖಾತರಿಯೂ ಗ್ರಾಹಕನಿಗಿಲ್ಲ. ಉಭಯತರಿಗೂ ಲಾಭವಿಲ್ಲದ ವ್ಯಾಜ್ಯವಿದು.

ಆದ್ದರಿಂದ ಪರಿಹಾರವನ್ನು ಕಟಕಟೆಯಲ್ಲಿ ಅರಸುವ ಬದಲು ಅಂಗಡಿಯ ಗಲ್ಲೆಯ ಬಳಿಯಲ್ಲಿಯೇ ಅರಸುವುದು ಮೇಲು. ಯಂತ್ರವನ್ನು ಸಿದ್ಧಪಡಿಸಿದ ಬಳಿಕ, ಹಣ ಪಡೆಯುವ ಮೊದಲು, ಬೆಳಕು ಬಾರದ ದಾಸ್ತಾನು ಕೋಣೆಯಲ್ಲಿ ಪರದೆಯ ತುಂಬ ಕಪ್ಪು ಚಿತ್ರವಿಟ್ಟು, ಪ್ರಕಾಶವನ್ನು ನಿತ್ಯ ಬಳಕೆಯ ಮಟ್ಟಕ್ಕೆ ತಂದು, ಎರಡಡಿ ದೂರದಿಂದ ನೇರವಾಗಿ ಗ್ರಾಹಕನಿಗೆ ತೋರಿಸಬೇಕು. ಐದು ನಿಮಿಷದ ಕೆಲಸ. ಕೆಲಸ ಯಾವುದೆಂದೂ ಕೇಳಬೇಕು. ನುಡಿ ತಂತ್ರಾಂಶದಲ್ಲಿ ಪತ್ರ ಬೆರಳಚ್ಚಿಸುವವರಿಗೆ, ಲೆಕ್ಕಪತ್ರ ಬರೆಯುವವರಿಗೆ ಬಿಳಿ ಪುಟದ ಮೇಲೆ ಅಲ್ಪ ಸೋರಿಕೆ ಕಾಣುವುದೇ ಇಲ್ಲ. ಮದುವೆಯ ಆಲ್ಬಮ್ ಸಿದ್ಧಪಡಿಸುವ ಸ್ಟುಡಿಯೋದವರಿಗೆ ಕಪ್ಪು ಕೂದಲು, ಗಾಢ ಸೀರೆಯ ಬಣ್ಣ ತಪ್ಪಾಗಿ ಕಂಡರೆ ಮುದ್ರಣದ ಖರ್ಚೇ ಹಾಳು. ಅಂಥವರಿಗೆ ಹಿಂಬದಿ ದೀಪವೇ ಇಲ್ಲದ ಒಎಲ್‌ಇಡಿ ಪರದೆಯನ್ನು ಸೂಚಿಸಬಹುದು. ಸಾಮಾನ್ಯವಾಗಿ ಅದರ ಬೆಲೆ ಹೆಚ್ಚು, ಒಂದೇ ಚಿತ್ರ ಬಹುಕಾಲ ನಿಂತರೆ ಅಚ್ಚೊತ್ತುವ ಅಪಾಯವುಂಟು ಎಂಬುದನ್ನೂ ಮರೆಮಾಚಬಾರದು.

ಮಾರಿದ ನಂತರ ಸೋರಿಕೆ ಕಂಡರೆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುವುದು, ತಿರುಪು ಸಡಿಲಿಸಿ ಚೌಕಟ್ಟು ಬಿಚ್ಚುವುದು ಮುಂತಾದ ಕೈಚಳಕಗಳಿಗೆ ಅಂಗಡಿಯವರು ಕೈಹಾಕಬಾರದು. ಪರದೆ ಬಿರುಕು ಬಿಟ್ಟರೆ ವಾರಂಟಿಯೂ ಕೈತಪ್ಪಬಹುದು. ಮುಚ್ಚಳವನ್ನು ಮೂಲೆ ಹಿಡಿಯದೆ ನಡುವಿನಿಂದ ಎತ್ತಬೇಕು, ಮುಚ್ಚಿದ ಯಂತ್ರದ ಮೇಲೆ ಭಾರವಾದ ಪುಸ್ತಕ ಹೇರಬಾರದು ಎಂಬ ಎರಡು ಮಾತು ಗ್ರಾಹಕನಿಗೆ ಹೇಳಿ ಕಳುಹಿಸುವುದು ಒಳಿತು.

ಇದಕ್ಕೆ ಸಂಘಟಿತ ರೂಪ ಬರಬೇಕಾದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಗಣಕ ಮಾರಾಟಗಾರರು ಬಿಲ್ಲಿನಲ್ಲಿ ಒಂದೇ ಬಗೆಯ ಮೂರು ಸಾಲುಗಳನ್ನು ಅಚ್ಚು ಹಾಕಿಸಲಿ: ಪರದೆಯನ್ನು ಕತ್ತಲಲ್ಲಿ ತೋರಿಸಲಾಗಿದೆ, ಕಂಡ ದೋಷ ಇಂಥದ್ದು ಅಥವಾ ಇಲ್ಲ, ಇಷ್ಟು ದಿನಗಳೊಳಗೆ ದೋಷ ಕಂಡರೆ ಬದಲಿಸಿ ಕೊಡಲಾಗುವುದು ಅಥವಾ ಹಣ ಮರಳಿಸಲಾಗುವುದು. ಕೆಳಗೆ ಇಬ್ಬರ ಸಹಿ ಇರಲಿ. ಬದಲಿಸುವ ಹೊರೆಯನ್ನು ಚಿಲ್ಲರೆ ವರ್ತಕನೊಬ್ಬನೇ ಹೊರದಂತೆ ಸಗಟು ವಿತರಕರೊಡನೆ ವಾಣಿಜ್ಯ ಸಂಸ್ಥೆಗಳು ಮಾತುಕತೆ ನಡೆಸಲಿ.

ಬೆಲೆಯ ಪೈಪೋಟಿಯಲ್ಲಿ ಆನ್‌ಲೈನ್ ಮಾರಾಟಗಾರರನ್ನು ಸಣ್ಣ ಪಟ್ಟಣದ ಅಂಗಡಿ ಮಣಿಸುವುದು ಕಷ್ಟ. ಆದರೆ ಡಬ್ಬಿ ಮನೆಗೆ ತಲುಪುವ ಮೊದಲು ಪರದೆಯನ್ನು ಎದುರಿಗಿಟ್ಟು ತೋರಿಸಲು ಅವರಿಗೆ ಆಗದು. ಅಂಗಡಿಯವರಿಗಿರುವ ಈ ಅನುಕೂಲಕ್ಕೆ ಬಂಡವಾಳ ಬೇಕಿಲ್ಲ. ಮಾಲಿನ ಕೊರತೆಯನ್ನು ಮಾರುವವನೇ ಮೊದಲು ಹೇಳುವ ಧೈರ್ಯವೊಂದಿದ್ದರೆ ಸಾಕು.